ಮಂತ್ರಿಗಳಿಗೆ ಹೊಲಿದ ಜಾರುವ ಶಾಲು

1984ರಲ್ಲಿ ನಾನು ಏಳನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟೆ. ಬಿಟ್ಟೆ ಎಂದೇ ಬರೆಯುತ್ತೇನೆ. ಬಿಡಬೇಕಾಯಿತು, ಬಿಡಿಸಿದರು ಎಂದೆಲ್ಲ ಬರೆದು ಕನಿಕರ ಗಿಟ್ಟಿಸುವ ಆಸೆ ನನಗಿಲ್ಲ. ಕಾಸರಗೋಡಿನ ಕಡೆಯ ನಮ್ಮ ಕನ್ನಡ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದರೆ ನಾನು ಅವರ ಅಂಗಿಯ ಬೆನ್ನು ನೋಡುತ್ತಿದ್ದೆ. ಎಡ ಭುಜದ ಹೊಲಿಗೆ ಅರ್ಧ ಇಂಚು ಹಿಂದಕ್ಕೆ ಸರಿದಿತ್ತು. ಯಾರಾದರೂ ಅದನ್ನು ಬಿಚ್ಚಿ ಸರಿಮಾಡಬಾರದೇ ಎಂದು ನನಗೆ ದಿನವೂ ಅದೇ ಯೋಚನೆ. ಒಂದು ದಿನ ತಡೆಯಲಾರದೆ ಎದ್ದು ನಿಂತು ಹೇಳಿಯೂಬಿಟ್ಟೆ. ಮೇಷ್ಟ್ರು ನನ್ನನ್ನು ಹೊರಗೆ ನಿಲ್ಲಿಸಿದರು. ಕೊಚ್ಚಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಆ ವಾರ ಊರಿಗೆ ಬಂದವರು, ಈ ಕತೆ ಕೇಳಿ ಅಮ್ಮನಿಗೆ ಹೇಳಿದರು: "ಅಕ್ಕಾ, ಇವನನ್ನು ನನಗೆ ಕೊಡು. ಇವ ಅಲ್ಲಿ ಕೂತು ಹಾಳಾಗ್ತಾನೆ."

ಮಾವನ ಅಂಗಡಿ ಹೈಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಗಲ್ಲಿಯಲ್ಲಿ. ಕರಿ ಕೋಟು, ಕರಿ ಗೌನು, ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು, ಇಷ್ಟೇ ನಮ್ಮ ಕೆಲಸ. ಹತ್ತು ವರ್ಷದಲ್ಲಿ ಗೌನಿನ ಕತ್ತರಿ ಪೂರ್ತಿ ನನ್ನ ಕೈಗೆ ಬಂತು. ನಾನು ಹೊಲಿದ ಗೌನು ಹಾಕಿ ಜಡ್ಜ್ ಆದವರಿದ್ದಾರೆ. ನಾನು ಓದಿದ್ದು ಏಳರ ಅರ್ಧ ಎಂದು ಅವರಿಗೆಲ್ಲ ನಾನೇ ಮೊದಲ ದಿನ ಹೇಳಿದ್ದೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ಒಳ್ಳೆಯದು.

ಹಾಗಿರುವಾಗ ಒಂದು ದಿನ ಒಬ್ಬ ವಕೀಲರು ಬಂದರು. ಆಗ ಅವರಿಗೆ ಮೂವತ್ತು ದಾಟಿರಲಿಲ್ಲ. ಗಿಡ್ಡ ಆಸಾಮಿ, ಧ್ವನಿ ಮಾತ್ರ ಗುಡಿಯ ನಗಾರಿ. ಕೈಯಲ್ಲೊಂದು ಹಳೆಯ ಗೌನು. ಭುಜದಲ್ಲಿ ಹೊಲಿಗೆ ಬಿಟ್ಟಿದೆ, ಸರಿಮಾಡಬೇಕು, ಬೇರೇನನ್ನೂ ಮುಟ್ಟಬಾರದು ಎಂದು ಮಲಯಾಳದಲ್ಲಿ ಅಪ್ಪಣೆಯಾಯಿತು. ನಾನೂ ಮಲಯಾಳದಲ್ಲಿ ಎರಡು ಮಾತಾಡಿದೆ. ಅಷ್ಟರಲ್ಲೇ ಅವರು ನನ್ನ ಊರು ಹಿಡಿದುಬಿಟ್ಟರು.

"ನೀನು ನಮ್ಮ ಕಡೆಯವನಾ ಮಾರಾಯಾ? ಕನ್ನಡ ಶಾಲೆಯಾ?"

"ಹೌದು. ಏಳರ ಅರ್ಧ."

"ನಾನೂ ಕನ್ನಡ ಶಾಲೆಯೇ. ಹತ್ತರವರೆಗೆ."

ಆವತ್ತಿನಿಂದ ನಮ್ಮ ಮಾತು ಕನ್ನಡದಲ್ಲಿ. ನಾನು ಗೌನನ್ನು ಅವರ ಹೆಗಲಿಗೆ ಹಾಕಿ ನೋಡಿದೆ. ಅಂಚು ನೆಲಕ್ಕೆ ತಾಗುತ್ತಿತ್ತು.

"ನಾಲ್ಕು ಬೆರಳು ತೆಗೀಬೇಕು ವಕೀಲರೇ. ಇಲ್ಲದಿದ್ರೆ ನೀವು ನಡೆದಲ್ಲೆಲ್ಲ ಕೋರ್ಟು ಗುಡಿಸ್ತದೆ."

"ಗುಡಿಸ್ಲಿ. ಅದು ನನ್ನ ಗುರುಗಳದ್ದು. ಅವರು ಜೀವಮಾನವಿಡೀ ಹಾಕಿದ ಗೌನು. ಅದಕ್ಕೆ ಕತ್ತರಿ ಹಾಕ್ಲಿಕ್ಕೆ ನಾನು ಬಿಡುದಿಲ್ಲ."

"ಗುರುಗಳು ಎಷ್ಟು ಎತ್ತರ ಇದ್ರು?"

"ಆರಡಿ."

"ನೀವು?"

"ಅದೆಲ್ಲ ನಿನಗೆ ಯಾಕೆ?"

"ಟೇಪು ಹಿಡಿದವನಿಗೆ ಬೇಡದಿದ್ರೆ ಮತ್ತೆ ಯಾರಿಗೆ, ಜಡ್ಜಿಗೆ ಬೇಕಾ?"

ವಕೀಲರು ನಗಲಿಲ್ಲ. ಗೌನು ಹಾಗೇ ಉಳಿಯಿತು. ಆಮೇಲೆ ಪ್ರತಿ ವರ್ಷ ಭುಜ ಬಿಟ್ಟಾಗಲೆಲ್ಲ ಬರುವರು, ನಾನು ನಾಲ್ಕು ಬೆರಳಿನ ಮಾತು ಎತ್ತುವೆ, ಅವರು ಗುರುಗಳ ಮಾತು ಎತ್ತುವರು.

ಉದ್ದದ ಗೌನು ಹಾಕಿದ ಗಿಡ್ಡ ಮನುಷ್ಯ ಏನು ಮಾಡುತ್ತಾನೆ? ಎತ್ತಿ ಹಿಡಿಯುತ್ತಾನೆ. ವಾದ ಮಾಡುವಾಗ ಇವರು ಸ್ವಲ್ಪ ಬಗ್ಗಿ, ತೊಡೆಯ ಹತ್ತಿರ ಗೌನಿನ ಎರಡೂ ಅಂಚು ಹಿಡಿದು, ಒಂದು ಹೆಜ್ಜೆ ಮುಂದಿಟ್ಟು, ಪಟ್ಟನೆ ಮೇಲಕ್ಕೆತ್ತುತ್ತಿದ್ದರು. ಬರಬರುತ್ತಾ ಅದು ವಾದದ ಭಾಗವೇ ಆಯಿತು. "ಇಲ್ಲೇ ಇದೆ ಮುಖ್ಯ ವಿಷಯ" ಎನ್ನುವುದೂ ಗೌನು ಏಳುವುದೂ ಒಟ್ಟಿಗೆ. ಗೌನು ಎದ್ದರೆ ಜಡ್ಜು ಪೆನ್ನು ತೆಗೆಯುತ್ತಾರೆ ಎಂದು ಗುಮಾಸ್ತರು ನನ್ನ ಅಂಗಡಿಯಲ್ಲಿ ಕೂತು ನಗುತ್ತಿದ್ದರು. ದೊಡ್ಡ ಕೇಸಿದ್ದರೆ ವಕೀಲರು ಬೆಳಿಗ್ಗೆ ನನ್ನ ಅಂಗಡಿಗೇ ಬಂದು, ಕೋಟು ನೇತುಹಾಕುವ ನನ್ನ ತಲೆಯಿಲ್ಲದ ಬೊಂಬೆಯ ಎದುರು ನಿಂತು ವಾದ ಅಭ್ಯಾಸ ಮಾಡುವರು.

"ಅದಕ್ಕೆ ತಲೆಯೇ ಇಲ್ಲ ವಕೀಲರೇ" ಎಂದು ನನ್ನ ಹೆಂಡತಿ ಒಮ್ಮೆ ಹೇಳಿದಳು. ಅವಳು ಅಂಗಡಿಯಲ್ಲಿ ಕೂತು ಗುಂಡಿಯ ಕಾಜಾ, ಅಂಚಿನ ಹೆಮ್ಮಿಂಗ್ ಮಾಡುತ್ತಿದ್ದಳು.

"ಇರ್ಲಿ ತಂಗಿ. ನಡುವೆ ಬಾಯಿ ಹಾಕುದಿಲ್ಲ ಅಲ್ವಾ, ಅದು ದೊಡ್ಡದು."

ಮೊದಲು ಅವರು ಒಂದು ಪಕ್ಷದವರ ಕೇಸು ನೋಡಿದರು. ಆಮೇಲೆ ಪಕ್ಷದ ಮೀಟಿಂಗಿಗೆ ಹೋದರು, ಆಮೇಲೆ ಚುನಾವಣೆಗೆ ನಿಂತರು. ಗೆದ್ದರು. ಗೆದ್ದ ಮೊದಲ ಸಲವೇ ಮಂತ್ರಿಯೂ ಆದರು. ಕುಡಿಯುವ ನೀರಿನ ಇಲಾಖೆ. ಪ್ರಮಾಣವಚನದ ಜುಬ್ಬಾ ನಾನೇ ಹೊಲಿದೆ. ಕೆಳಗೆ ಅಗಲ ಅಂಚಿನ ಬಿಳಿ ಮುಂಡು, ಅಂದರೆ ಇಲ್ಲಿಯ ಪಂಚೆ. ಪ್ಯಾಂಟು, ಕರಿ ಕೋಟು, ಗೌನು ಎಲ್ಲ ಕೊಚ್ಚಿಯ ಮನೆಯ ಬೀರುವಿನಲ್ಲಿ ಉಳಿದವು. ಟಿವಿಯಲ್ಲಿ ನೋಡಿದೆವು. ಎರಡೂ ಕೈಯಲ್ಲಿ ಪ್ರಮಾಣದ ಕಾಗದ ಇದ್ದದ್ದರಿಂದ ಆವತ್ತು ಏನೂ ಆಗಲಿಲ್ಲ.

ಆದದ್ದು ಮೊದಲ ಅಧಿವೇಶನದಲ್ಲಿ. ಅಂಗಡಿಯ ಟಿವಿಯಲ್ಲಿ ವಿಧಾನಸಭೆ ನೇರ ಬರುತ್ತಿತ್ತು. ನಾನು ಕತ್ತರಿ ಕೆಳಗಿಟ್ಟು ನೋಡುತ್ತಿದ್ದೆ. ಎದುರು ಪಕ್ಷದಿಂದ ಒಬ್ಬ ಹಿರಿಯರು ಎದ್ದರು. ಮೊದಲು ಅಧ್ಯಾಪಕರಾಗಿದ್ದವರು, ಎಪ್ಪತ್ತರ ವಯಸ್ಸು. ಒಂದು ವಾರ್ಡಿನ ಪೈಪು ಒಡೆದ ಬಗ್ಗೆ ಕೇಳಿ, ಕೊನೆಗೆ "ಕೋರ್ಟಿನಲ್ಲಿ ಬಾಯಿಂದ ನೀರು ಹರಿಸಿದವರು ನಲ್ಲಿಯಲ್ಲಿ ಹರಿಸಲಿ ನೋಡೋಣ" ಎಂದು ಕುಟುಕಿದರು. ನಮ್ಮ ಮಂತ್ರಿಗಳು ಎದ್ದರು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಕೋರ್ಟಿನ ಮುಖ. ಅವರು ಸ್ವಲ್ಪ ಬಗ್ಗಿದರು.

"ಅಯ್ಯೋ, ಗೌನು ಇಲ್ಲ!" ಎಂದಳು ನನ್ನ ಹೆಂಡತಿ.

"ಇಲ್ಲೇ ಇದೆ ಮುಖ್ಯ ವಿಷಯ" ಎಂದರು ಮಂತ್ರಿಗಳು. ಕೈಗಳು ತೊಡೆಯ ಹತ್ತಿರ ಹೋದವು. ಅಲ್ಲಿ ಸಿಕ್ಕಿದ್ದು ಮುಂಡು. ಒಂದು ಹೆಜ್ಜೆ ಮುಂದಿಟ್ಟು, ಅದನ್ನೇ ಎತ್ತಿದರು. ಮುಂಡು ಎತ್ತಿದ ಮೇಲೆ ಮಲಯಾಳ ನಾಡಿನಲ್ಲಿ ಬೆಳೆದ ಕೈಗೆ ಮುಂದಿನ ದಾರಿ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ತಾನಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿತು. ರಾಜ್ಯದ ಕುಡಿಯುವ ನೀರಿನ ಮಂತ್ರಿಗಳ ಎರಡು ಮೊಣಕಾಲು ಇಡೀ ರಾಜ್ಯಕ್ಕೆ ಕಂಡವು.

ಇಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ದಾರಿಯಲ್ಲಿ ಮುಂಡು ಮೊಣಕಾಲಿಗೆ ಮಡಚಿ ಕಟ್ಟಿ ನಡೆಯುವವನು ಹಿರಿಯರು ಎದುರಾದರೆ ಅದನ್ನು ಕೆಳಗೆ ಬಿಡುತ್ತಾನೆ. ಅದು ಮರ್ಯಾದೆ. ಅದೇ ಒಬ್ಬ ಮಾತಿನ ನಡುವೆ ನಿಮ್ಮನ್ನು ನೋಡುತ್ತಾ, ಒಂದು ಹೆಜ್ಜೆ ಮುಂದೆ ಬಂದು, ಬಿಟ್ಟ ಮುಂಡನ್ನು ಮಡಚಿ ಕಟ್ಟಿದರೆ, ಅವನು ನಿಮಗೆ ಹೊಡೆಯಲು ತಯಾರಾಗಿದ್ದಾನೆ.

ಎಪ್ಪತ್ತರ ಹಿರಿಯರು ಒಂದು ಗಳಿಗೆ ದಂಗಾದರು. ಆಮೇಲೆ, ಪಾಪ, ಅವರೂ ತಮ್ಮ ಮುಂಡು ಮಡಚಿ ಕಟ್ಟಿದರು. ಅವರ ಪಕ್ಕದವರು ಕಟ್ಟಿದರು. ಹಿಂದಿನ ಸಾಲು ಕಟ್ಟಿತು. ನಮ್ಮ ಮಂತ್ರಿಗಳ ಕಡೆಯವರು ಸುಮ್ಮನಿರುವುದು ಹೇಗೆ, ಅವರೂ ಕಟ್ಟಿದರು. ನಡುವೆ ನಿಂತು ನಮ್ಮ ಮಂತ್ರಿಗಳು ಮಾತ್ರ ಏನೂ ತಿಳಿಯದೆ, ಇಷ್ಟು ಒಳ್ಳೆಯ ವಾದಕ್ಕೆ ಇವರೆಲ್ಲ ಯಾಕೆ ಕುಣಿಯುತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು. ಸಭೆಯನ್ನು ಮುಂದೂಡಬೇಕಾಯಿತು.

ಸಂಜೆಯೊಳಗೆ ಟಿವಿಯ ಮಿಮಿಕ್ರಿಯವರು ಶುರುಮಾಡಿದರು. ಮರುದಿನ ಕೊಚ್ಚಿಯ ಎಡಪ್ಪಳ್ಳಿಯ ಬಸ್‌ಸ್ಟಾಪಿನಲ್ಲಿ ಕಾಲೇಜು ಹುಡುಗರು "ಇಲ್ಲೇ ಇದೆ ಮುಖ್ಯ ವಿಷಯ" ಎಂದು ಹೇಳಿ ಒಬ್ಬರಿಗೊಬ್ಬರು ಮೊಣಕಾಲು ತೋರಿಸುತ್ತಿದ್ದದ್ದನ್ನು ನಾನೇ ಕಂಡೆ. ನನಗೆ ಅಭಿಮಾನಭಂಗ. ಆ ಜುಬ್ಬಾ ನನ್ನದು.

ವಾರ ಕಳೆದು ಮಂತ್ರಿಗಳ ಹೆಂಡತಿ ಫೋನ್ ಮಾಡಿದರು. ಅವರು ತಿರುವನಂತಪುರದವರೇ, ಶಾಲೆಯಲ್ಲಿ ಲೆಕ್ಕ ಕಲಿಸಿದವರು. ನಾನು ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು; ಅವರು ನನ್ನನ್ನು ಚೇಟ್ಟಾ, ಅಂದರೆ ಅಣ್ಣ, ಎಂದು. ಅವರಿಗೆ ಕನ್ನಡ ಬಾರದು, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ನನಗೆ ಅರ್ಥವಾಗುತ್ತದೆ.

"ಟೈಲರ್ ಚೇಟ್ಟಾ, ಆ ಗೌನನ್ನು ಆವತ್ತೇ ಕತ್ತರಿಸಿದ್ದರೆ ಇವತ್ತು ಇದು ಆಗುತ್ತಿತ್ತಾ?"

"ಚೇಚಿ, ನಾನು ಪ್ರತಿ ವರ್ಷ ಹೇಳಿದ್ದೇನೆ."

"ಹೇಳಿದರೆ ಸಾಲದು, ಕತ್ತರಿಸಬೇಕಿತ್ತು. ಈಗ ಪಕ್ಷದ ನಾಯಕರು ಖಡಾಖಂಡಿತ ಹೇಳಿದ್ದಾರೆ. ಮುಂದಿನ ಅಧಿವೇಶನದಲ್ಲಿ ಇನ್ನೊಂದು ಸಲ ಮುಂಡು ಎದ್ದರೆ ಇವರ ಮಂತ್ರಿಗಿರಿ ಮುಗಿಯಿತು. ಬನ್ನಿ, ಬಂದು ಏನಾದರೂ ಮಾಡಿ. ಇಲ್ಲವಾದರೆ ಇಲ್ಲಿಯ ಟೈಲರನ್ನು ಕರೆಸುತ್ತೇನೆ."

ಮೊದಲಿನ ಮಾತಿಗೆ ಬೇಸರವಾಯಿತು, ಕೊನೆಯ ಮಾತಿಗೆ ರಕ್ತ ಕುದಿಯಿತು. ತಿರುವನಂತಪುರದ ಬೆಳಗಿನ ರೈಲು ಹತ್ತಿದೆ.

ಬಂಗಲೆಯಲ್ಲಿ ಮಂತ್ರಿಗಳು ಸಪ್ಪೆಮೋರೆ ಹಾಕಿ ಕೂತಿದ್ದರು. ಎದುರಿಗೆ ಸಕ್ಕರೆಯಿಲ್ಲದ ಕರಿ ಚಹಾ.

"ಪ್ಯಾಂಟು ಹಾಕಿ ಸಾರ್" ಎಂದೆ. "ಅಲ್ಲಿಗೆ ಮುಗೀತು."

"ಹಾಕ್ಬಹುದು. ಹಾಕಿದ ದಿನವೇ ನನ್ನ ಕ್ಷೇತ್ರದವರು, ಇವ ವಾಪಸು ಕೋರ್ಟಿಗೆ ಹೋದ, ನಮಗೆ ಇನ್ನು ಸಿಗುದಿಲ್ಲ ಅಂತಾರೆ. ಮುಂಡಿಗೇ ಓಟು ಹಾಕಿದ್ದು ಮಾರಾಯಾ ಅವರು."

"ಕೈ ಕಟ್ಟಿ ಮಾತಾಡಿ."

"ಆಗ್ಲಿಕ್ಕಿಲ್ಲ. ಮಾತು ಬರುದೇ ಇಲ್ಲ. ಪ್ರಯತ್ನ ಮಾಡಿದೆ. ಎರಡು ವಾಕ್ಯ ಆದ ಮೇಲೆ ಬಾಯಿ ನಿಲ್ತದೆ." ಅವರ ಧ್ವನಿ ಸಣ್ಣದಾಯಿತು. ನಗಾರಿಯಂಥ ಆ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಊರಲ್ಲಿ ಅಮ್ಮ ಟಿವಿ ನೋಡಿ ಫೋನು ಮಾಡಿ ಕೇಳಿದ್ರು, ಯಾರಿಗೆ ಹೊಡೀಲಿಕ್ಕೆ ಹೊರಟದ್ದು ಮಗಾ ಅಂತ. ಎಂತ ಹೇಳುದು?"

"ನಾನಿದ್ದೇನೆ ಸಾರ್. ಅಧಿವೇಶನದ ಮೊದಲು ಸರಿಮಾಡಿ ಕೊಡ್ತೇನೆ" ಎಂದೆ. ಹೇಗೆಂದು ನನಗೆ ಗೊತ್ತಿರಲಿಲ್ಲ. ಆದರೆ ಚೇಚಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ರಸ್ತೆಗಿಳಿದು ಯೋಚಿಸಿದೆ. ಪರದೆ ಹೊಲಿಯುವವರು ಗಾಳಿಗೆ ಹಾರದಂತೆ ಅಂಚಿನಲ್ಲಿ ಭಾರ ಇಡುತ್ತಾರೆ. ಪರದೆಗೆ ಆಗುವುದು ಮುಂಡಿಗೆ ಯಾಕಾಗಬಾರದು? ಬಸ್ಸು ಹತ್ತಿ ತುಂಬ ಎಂಬ ಊರಿನ ಕಡಲಬದಿಗೆ ಹೋದೆ. ಒಂದು ಕಡೆ ರಾಕೆಟ್ ಹಾರಿಸುವ ಕೇಂದ್ರದ ಗೋಡೆ, ಈಚೆ ಬದಿಯಲ್ಲಿ ಮೀನುಗಾರರ ಮನೆ, ಬಲೆ, ದೋಣಿ. ಬಲೆ ಮಾರುವ ಅಂಗಡಿಯಲ್ಲಿ ಸೀಸದ ಗುಂಡು ಕೇಳಿದೆ. ಬಲೆ ಮುಳುಗಲಿ ಎಂದು ಅದರ ಅಂಚಿಗೆ ಪೋಣಿಸುವ ಸಣ್ಣ ಗುಂಡುಗಳು. ಎಂಥ ಬಲೆಗೆ ಎಂದು ಕೇಳಿದಾಗ, ಒಬ್ಬ ಆಳಿಗೆ ಒಂದೂವರೆ ಸುತ್ತು ಬರುವಷ್ಟು ಅಗಲದ್ದು ಎಂದು ಹೇಳಿ ತಂದೆ.

ಮುಂಡಿನ ಕೆಳ ಅಂಚನ್ನು ಮಡಚಿ ಒಳಗೆ ಗುಂಡುಗಳನ್ನಿಟ್ಟು ಕಾಣದಂತೆ ಹೊಲಿದೆ. ಬಂಗಲೆಯ ಹಜಾರದಲ್ಲಿ ಪರೀಕ್ಷೆ. ಚೇಚಿಯೇ ಎದುರು ಪಕ್ಷ. ಮನೆಯಲ್ಲಿ ಎಷ್ಟೋ ವರ್ಷದಿಂದ ಅದೇ ಕೆಲಸ ಮಾಡಿದವರಾದ್ದರಿಂದ ಅವರ ಪ್ರಶ್ನೆ ನಿಜವಾಗಿಯೂ ಚುಚ್ಚುವಂತಿತ್ತು. ಮಂತ್ರಿಗಳು ಬಗ್ಗಿದರು, "ಇಲ್ಲೇ ಇದೆ" ಎಂದರು, ಎತ್ತಿದರು. ಭಾರ ಕೆಳಗೆ ಜಗ್ಗಿತು. ಕೈಗೆ ನೆನಪಾಗಿ ಬಿಟ್ಟಿತು. ಮೂರು ಸಲ ಎತ್ತಿದರು, ಮೂರು ಸಲವೂ ಬಿಟ್ಟರು. ಚೇಚಿ ನನಗೆ ಊಟಕ್ಕೆ ಪಾಯಸ ಬಡಿಸಿದರು.

ಎರಡು ದಿನ ಬಿಟ್ಟು ಅದೇ ತುಂಬದಲ್ಲಿ ಒಂದು ನೀರಿನ ಟ್ಯಾಂಕಿನ ಉದ್ಘಾಟನೆ. ಮಂತ್ರಿಗಳು ಹೊಸ ಮುಂಡು ಉಟ್ಟೇ ಹೋದರು, ನಾನೂ ಹಿಂದಿನ ಕಾರಿನಲ್ಲಿ. ನನ್ನ ಕೆಲಸ ನಾನೇ ನೋಡಬೇಡವೇ? ಕಡಲಿನ ಗಾಳಿ ಎಂದರೆ ಹಜಾರದ ಗಾಳಿಯಲ್ಲ. ಮುಂಡು ಬೀಸಿತು, ಗುಂಡುಗಳು ವೇದಿಕೆಯ ಕಬ್ಬಿಣದ ಕಾಲಿಗೆ ಟಕ್ ಟಕ್ ಎಂದು ಬಡಿದವು. ಮುಂದಿನ ಸಾಲಿನಲ್ಲಿ ಕೂತಿದ್ದ ಮೀನು ಮಾರುವ ಅಜ್ಜಿಯೊಬ್ಬರು ಕಿವಿ ನೆಟ್ಟಗೆ ಮಾಡಿದರು. ಆ ಸದ್ದು ಅವರಿಗೆ ಹುಟ್ಟಿದಂದಿನಿಂದ ಗೊತ್ತು.

"ಅಯ್ಯೋ, ಇದು ನಮ್ಮ ಬಲೆಯ ಗುಂಡು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಮಗನೇ, ಮುಳುಗಲಿಕ್ಕೆ ಹೊರಟದ್ದಾ ನೀನು?"

ಜನ ಕೂತಲ್ಲೇ ಹೊರಳಾಡಿ ನಕ್ಕರು. ಮಂತ್ರಿಗಳು ಗಡಿಬಿಡಿಯಲ್ಲಿ ಉದ್ಘಾಟನೆಯ ಸ್ವಿಚ್ಚು ಒತ್ತಲು ಕೈ ಮೇಲೆತ್ತಿದರು, ಹೊಟ್ಟೆ ಒಳಗೆ ಹೋಯಿತು, ಅಷ್ಟೂ ಸೀಸ ಒಟ್ಟಿಗೆ ಜಗ್ಗಿತು. ಮುಂಡು ಮೇಲೆ ಹೋಗದಂತೆ ತಡೆಯಲು ಹೋಗಿ, ಅದು ಪೂರ್ತಿ ಕೆಳಗೆ ಬರುವಂತೆ ನಾನು ಮಾಡಿದ್ದೆ. ಹಿಂದೆ ನಿಂತಿದ್ದ ಗನ್‌ಮ್ಯಾನ್ ಪುಣ್ಯಾತ್ಮ. ಎರಡೂ ಕೈಯಿಂದ ಮಂತ್ರಿಗಳ ಸೊಂಟ ಹಿಡಿದು ನಿಂತ. ಹಾಗೇ ಹಿಡಿದುಕೊಂಡೇ ಇಬ್ಬರೂ ನಲ್ಲಿ ತಿರುಗಿಸಿದರು, ಹಾಗೇ ಇಬ್ಬರೂ ಕಾರಿನವರೆಗೆ ನಡೆದರು.

"ಟೈಲರೇ" ಎಂದರು ಮಂತ್ರಿಗಳು, ಬಂಗಲೆಯ ಎದುರು ಕಾರು ನಿಂತ ಮೇಲೆ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅದುವರೆಗೆ ಮಾರಾಯಾ ಎಂದೇ. "ನೀವು ಇನ್ನು ಊರಿಗೆ ಹೋಗಿ."

ಬಹುವಚನ ಕೇಳಿ ನನಗೆ ಅನ್ನ ಸೇರಲಿಲ್ಲ. ಚೇಚಿಗೆ ಕೈಮುಗಿದು, ಅಧಿವೇಶನದ ಹಿಂದಿನ ದಿನದವರೆಗೆ ಬೇರೆ ಟೈಲರನ್ನು ಕರೆಯಬೇಡಿ ಎಂದು ಬೇಡಿಕೊಂಡು ರೈಲು ಹತ್ತಿದೆ. ಬೇಡಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೆ ಕೊಟ್ಟ ಮಾತು ನನ್ನದು, ಹೋಗುವ ಮಂತ್ರಿಗಿರಿ ಅವರದ್ದು.

ಅಂಗಡಿಗೆ ಬಂದು ಎಲ್ಲ ಹೇಳಿದೆ. ನನ್ನ ಹೆಂಡತಿ ಗುಂಡುಗಳ ಕತೆಗೆ ಸೆರಗು ಬಾಯಿಗೆ ಒತ್ತಿ ನಕ್ಕು, ಕಣ್ಣೊರಸಿಕೊಂಡು, ಕೈಯಲ್ಲಿದ್ದ ಕಾಜಾ ಬಿಡದೆ ಹೇಳಿದಳು:

"ನೀವು ಎಂತ ಮಾರಾಯ್ರೆ, ಕೈಯನ್ನು ತಡೀಲಿಕ್ಕೆ ನೋಡುದು. ನಮ್ಮ ಮಗಳು ಸಣ್ಣದಿರುವಾಗ ನನ್ನ ಸೆರಗು ಹಿಡೀದೆ ಮಲಗ್ತಿರ್ಲಿಲ್ಲ, ನೆನಪುಂಟಾ? ಸೆರಗು ಬಿಡಿಸಿದ್ರೆ ಜಡೆ ಹಿಡೀತಿದ್ದಳು. ಜಡೆ ಬಿಡಿಸಿದ್ರೆ ನಿಮ್ಮ ಮೀಸೆ."

"ಉಂಟು."

"ಮತ್ತೆ ಹೇಗೆ ನಿಂತದ್ದು?"

"ಹಳೇ ಸೆರಗಿನ ತುಂಡು ಕೊಟ್ಟದ್ದು."

"ಅಷ್ಟೇ ಅಲ್ವಾ. ಅವರ ಕೈಗೆ ಎತ್ಲಿಕ್ಕೆ ಎಂತಾದ್ರೂ ಕೊಡಿ. ಮುಂಡಿಗಿಂತ ಮೇಲೆ."

ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದೆ. ಅವಳು ತಲೆಯೆತ್ತಿ ನೋಡಲಿಲ್ಲ.

ಶಾಲು! ರಾಜಕೀಯದವರು ಹೆಗಲಿಗೆ ಶಾಲು ಹಾಕುವುದು ಹೊಸತಲ್ಲ. ಆದರೆ ಸುಮ್ಮನೆ ಕೂರುವ ಶಾಲು ಬೇಡ. ಜಾರಬೇಕು. ಮಾತು ಬಿಸಿಯಾದಂತೆ ಮೈ ಅಲ್ಲಾಡಬೇಕು, ಮೈ ಅಲ್ಲಾಡಿದಂತೆ ಶಾಲು ಜಾರಬೇಕು, ಜಾರಿದ್ದನ್ನು ಹಿಡಿದೆತ್ತಲು ಕೈ ಮೇಲೆ ಬರಬೇಕು. ನುಣುಪಾದ ಬಟ್ಟೆ ತಂದೆ. ನೆರಿಗೆ ಹಿಡಿದು ಹೆಗಲಿನ ಜಾಗ ಗೊತ್ತುಮಾಡಿದೆ. ಅಲ್ಲಿ ಒಳಬದಿಗೆ ಸ್ಯಾಟಿನ್ ಪಟ್ಟಿ. ಮುಂದಿನ ಬದಿ ಹಿಂದಿನ ಬದಿಗಿಂತ ಸರಿಯಾಗಿ ನಾಲ್ಕು ಬೆರಳು ಉದ್ದವಾಗಬೇಕು. ಆಗ ಭಾರ ಒಂದು ಕಡೆಗೆ ಎಳೆಯುತ್ತದೆ.

ಚಾಕಿನಿಂದ ಗೆರೆ ಎಳೆದೆ. ಕತ್ತರಿ ಹಾಕಿದೆ. ಹೆಗಲಿಗೆ ಹಾಕಿ ನೋಡಿದರೆ ಎರಡೂ ಬದಿ ಸಮ! ಗೆರೆ ನಾಲ್ಕು ಬೆರಳು ಆಚೆಗಿತ್ತು, ಕತ್ತರಿ ತನ್ನಷ್ಟಕ್ಕೆ ಸರಿಯಾದ ಅಳತೆಗೆ ಹೋಗಿತ್ತು. ಇನ್ನೊಂದು ಬಟ್ಟೆ ತೆಗೆದೆ. ಗೆರೆಯನ್ನು ದಪ್ಪ ಮಾಡಿದೆ. ಮತ್ತೆ ಸಮ. ಹನ್ನೆರಡನೇ ವಯಸ್ಸಿನಿಂದ ಸರಿಯಾಗಿ ಕತ್ತರಿಸಿದ ಕೈ, ತಪ್ಪಾಗಿ ಕತ್ತರಿಸು ಎಂದರೆ ಕೇಳಲೇ ಇಲ್ಲ. ಮೂರನೆಯ ಬಟ್ಟೆ ಹಾಸಿದಾಗ ನನ್ನ ಹೆಂಡತಿ ಎದ್ದು ಬಂದು, ಮಾತಾಡದೆ ಕತ್ತರಿ ಕಸಿದುಕೊಂಡು, ಗೆರೆಯ ಮೇಲೆ ಕರ್ರನೆ ಕತ್ತರಿಸಿದಳು.

"ಮಂತ್ರಿಗಳ ಕೈಗೆ ಬೈತಿದ್ರಲ್ಲ" ಎಂದಳು.

ಹಾಗೆ, ಆಲೋಚನೆ ಅವಳದ್ದು, ಕತ್ತರಿಯೂ ಅವಳದ್ದೇ. ಹೊಲಿಗೆ ನನ್ನದು. ಬೊಂಬೆಗೆ ಹಾಕಿ ಸ್ವಲ್ಪ ಅಲ್ಲಾಡಿಸಿದೆವು. ಶಾಲು ಸೊಗಸಾಗಿ ಜಾರಿ ನೆಲಕ್ಕೆ ಬಿತ್ತು. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಬಟ್ಟೆ ನಾನು ಹೊಲಿದಿಲ್ಲ.

ಅಧಿವೇಶನದ ದಿನ ಚೇಚಿ ಪಾಸು ಕೊಡಿಸಿದರು. ಪ್ರೇಕ್ಷಕರ ಗ್ಯಾಲರಿಯಲ್ಲಿ ನಾನು ಚೇಚಿಯ ಪಕ್ಕ ಕೂತೆ. ಕೆಳಗೆ ಮಂತ್ರಿಗಳು, ಹೆಗಲ ಮೇಲೆ ಶಾಲು. ಬೆಳಿಗ್ಗೆಯಿಂದ ಅದನ್ನು ಹದಿನೆಂಟು ಸಲವಾದರೂ ಸರಿಮಾಡಿಕೊಂಡಿರಬೇಕು, ಮುಖ ಸಿಡಿಮಿಡಿಯಾಗಿತ್ತು. ಬಂಗಲೆಯಲ್ಲಿ ಉಡುವಾಗಲೇ "ಇದಕ್ಕೆ ಪಿನ್ನು ಚುಚ್ಚಿ" ಎಂದಿದ್ದರು. ಚೇಚಿ ಮನೆಯ ಪಿನ್ನುಗಳನ್ನೆಲ್ಲ ಅಡಗಿಸಿಟ್ಟಿದ್ದರು.

ಅದೇ ಹಿರಿಯರು ಎದ್ದರು. ಅದೇ ವಾರ್ಡು, ಅದೇ ಪೈಪು. ಪ್ರಶ್ನೆಯ ಕೊನೆಗೆ, "ಉತ್ತರ ಈ ಸಲ ಬಾಯಿಂದ ಬರುತ್ತದೋ ಮೊಣಕಾಲಿನಿಂದಲೋ?" ಎಂದರು. ಸಭೆ ಗೊಳ್ಳೆಂದಿತು. ಹಿರಿಯರ ಒಂದು ಕೈ ಆಗಲೇ ತಮ್ಮ ಮುಂಡಿನ ಅಂಚಿನ ಮೇಲಿತ್ತು. ಅವರ ಹಿಂದಿನ ಸಾಲಿನವರದ್ದೂ.

ಮಂತ್ರಿಗಳು ಎದ್ದು ಮಾತು ಶುರುಮಾಡಿದರು. ನಗಾರಿ ಏರಿತು. "ಇಲ್ಲೇ ಇದೆ" ಎಂದರು. ಬಗ್ಗಿದರು. ಕೈಗಳು ಕೆಳಗೆ ಹೊರಟವು. ಚೇಚಿ ನನ್ನ ಮೊಣಕೈಗೆ ಉಗುರು ಊರಿದರು. ಬಗ್ಗಿದ ರಭಸಕ್ಕೆ ಶಾಲು ಹೆಗಲಿನಿಂದ ಹೊರಟಿತು. ತೊಡೆಯ ಕಡೆಗೆ ಹೋಗುತ್ತಿದ್ದ ಬಲಗೈ ನಡುದಾರಿಯಲ್ಲಿ ನಿಂತು, ತಿರುಗಿ, ಶಾಲನ್ನು ಹಿಡಿದು ಹೆಗಲಿಗೆಸೆಯಿತು. ಎಡಗೈ ಒಂಟಿಯಾಗಿ ಏನು ಮಾಡೀತು, ಮೇಜಿನ ಮೇಲೆ ಕೂತಿತು. "ಮುಖ್ಯ ವಿಷಯ!" ಎಂದು ಮಾತು ಮುಗಿಯಿತು. ಮತ್ತೆ ಜಾರಿತು, ಮತ್ತೆ ಎತ್ತಿದರು. ಕೋರ್ಟಿನಲ್ಲಿ ಹೇಗೋ ಹಾಗೆ, ಮಾತಿಗೊಂದು ತಾಳ ಸಿಕ್ಕಿತು. ಪೈಪಿನ ಕತೆ ಪೂರ್ತಿ ಹೇಳಿ, ರಿಪೇರಿಯಾದ ದಿನ ಹೇಳಿ, ಹಿರಿಯರಿಗೆ ನಮಸ್ಕರಿಸಿ ಕೂತರು. ಹಿರಿಯರು ಇನ್ನೂ ಅಂಚು ಹಿಡಿದೇ ನಿಂತಿದ್ದರು. ಆಮೇಲೆ ಮೆಲ್ಲ ಬಿಟ್ಟು, ಅದನ್ನು ಕೊಡವಿದ ಹಾಗೆ ಮಾಡಿ ಕೂತರು.

"ಚೇಟ್ಟಾ, ಊಟಕ್ಕೆ ಬನ್ನಿ" ಎಂದರು ಚೇಚಿ. ಕಣ್ಣು ಒದ್ದೆಯಾಗಿತ್ತು. ನನ್ನದೂ ಒದ್ದೆ, ಅದು ಮೊಣಕೈ ಉರಿಯುತ್ತಿದ್ದ ಕಾರಣಕ್ಕೆ.

ಬಂಗಲೆಯಲ್ಲಿ ಮಂತ್ರಿಗಳು ಶಾಲು ತೆಗೆದು ಎರಡೂ ಬದಿ ಅಳೆದು ನೋಡಿದರು. "ಮಾರಾಯಾ, ಇದು ಓರೆ ಉಂಟಲ್ಲ! ಬೇಕಂತಲೇ ಮಾಡಿದ್ದಾ?"

"ಹೌದು ಸಾರ್. ಸರಿಯಾದ್ದು ಬೇಕಾದ್ರೆ ನನ್ನ ಅಂಗಡಿಯಲ್ಲಿ ಎರಡು ಉಂಟು."

"ಯಾರಿಗೂ ಹೇಳ್ಬೇಡ."

"ಇಲ್ಲ" ಎಂದೆ. ಅದೇ ನಾನು ಮಾಡಿದ ದೊಡ್ಡ ನಷ್ಟದ ವ್ಯಾಪಾರ. ಹೊಗಳಿಕೆಯ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ಯಾಕೆಂದರೆ ಆ ಶಾಲು ಎತ್ತುವ ರೀತಿ ಹೆಸರಾಯಿತು. ಟಿವಿಯಲ್ಲಿ ಕೂತು ಮಾತಾಡುವವರು ಅದರಲ್ಲಿ ಗಾಂಭೀರ್ಯ ಕಂಡರು, ತಾಳ್ಮೆ ಕಂಡರು. ಒಬ್ಬರು, ಉತ್ತರಕ್ಕೆ ಮೊದಲು ಸಚಿವರು ತೆಗೆದುಕೊಳ್ಳುವ ಆ ಒಂದು ಗಳಿಗೆಯ ಮೌನವೇ ಅವರ ಶಕ್ತಿ ಎಂದರು. ಆ ಗಳಿಗೆ ಎಂದರೆ ಸ್ಯಾಟಿನ್ ಪಟ್ಟಿ. ಮಿಮಿಕ್ರಿಯವರು ಮೊಣಕಾಲು ಬಿಟ್ಟು ಹೆಗಲು ಹಿಡಿದರು. ಪಕ್ಷದ ತರುಣರು ಶಾಲು ಹಾಕಲು ಶುರುಮಾಡಿದರು. ಅವರದ್ದು ಜಾರುತ್ತಿರಲಿಲ್ಲ, ಆದ್ದರಿಂದ ಅವರೇ ಕೈಯಿಂದ ಕೆಳಗೆ ತಳ್ಳಿ ಎತ್ತುತ್ತಿದ್ದರು.

ನನ್ನ ಗಲ್ಲಿಯ ಬೇರೆ ಟೈಲರುಗಳು ಮಾತ್ರ ನಿಜವಾದ ಟೈಲರುಗಳು. ಅವರ ಕಣ್ಣಿಗೆ ಕಂಡದ್ದು ಬೇರೆ.

"ಮಂತ್ರಿಗೆ ಹೊಲಿದ ಶಾಲು ಹೆಗಲಲ್ಲಿ ನಿಲ್ಲುವುದಿಲ್ಲವಲ್ಲ ಚೇಟ್ಟಾ, ಯಾರ ಅಳತೆಗೆ ಕತ್ತರಿಸಿದ್ದು?" ಎಂದು ಚಹಾದಂಗಡಿಯಲ್ಲಿ ಎಲ್ಲರೆದುರು ಕೇಳುವರು. ನಾನು ಚಹಾ ನುಂಗುವೆ, ಮಾತನ್ನೂ ನುಂಗುವೆ. ಮನೆಗೆ ಬಂದು ಹೆಂಡತಿಯ ಹತ್ತಿರ ಹಾರಾಡುವೆ. "ಹೇಳ್ಲಿ ಬಿಡಿ, ಅದು ನಾನು ಕತ್ತರಿಸಿದ್ದು" ಎಂದು ಅವಳು ನನ್ನ ಬಾಯಿ ಮುಚ್ಚಿಸುವಳು.

ಮಂತ್ರಿಗಳು ಆ ಐದು ವರ್ಷ ಪೂರ್ತಿ ಮಾಡಿದರು. ಒಂದು ಸಲ ಸೋತರು. ಮತ್ತೆ ಗೆದ್ದರು, ಮತ್ತೆ ಮಂತ್ರಿಯಾದರು. ನೀರು ಹೋಗಿ ರಸ್ತೆ ಬಂತು, ರಸ್ತೆ ಹೋಗಿ ಇನ್ನೊಂದು ಬಂತು. ಕೂದಲು ಬೆಳ್ಳಗಾಯಿತು, ಅಮ್ಮ ತೀರಿಹೋದರು, ನಾಯಕರು ಬದಲಾದರು, ಶಾಲು ಬದಲಾಗಲಿಲ್ಲ. ಹಳತಾದಾಗ ಹೊಸತು ಹೊಲಿಯುವುದು, ಪ್ರತಿ ಸಲವೂ ಕತ್ತರಿ ಹೆಂಡತಿಯದ್ದು. ಅಂಬಲಮುಗಳಿನ ಕಾರ್ಖಾನೆಯ ಸಭೆ ಇರಲಿ, ತುಂಬದ ಕಡಲಬದಿ ಇರಲಿ, ಅದು ಜಾರುತ್ತಲೇ ಇತ್ತು, ಅವರು ಎತ್ತುತ್ತಲೇ ಇದ್ದರು. ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ಮಗಳು ಒಮ್ಮೆ ಎಡಪ್ಪಳ್ಳಿಯ ಮಾಲಿನಿಂದ ಫೋಟೋ ಕಳಿಸಿದಳು. ಗಾಜಿನೊಳಗೆ ಒಂದು ಬೊಂಬೆ, ಅದಕ್ಕೆ ತಲೆಯೂ ಇತ್ತು, ಹೆಗಲ ಮೇಲೆ ಮಂತ್ರಿ ಶಾಲು. ಬೊಂಬೆ ಅಲ್ಲಾಡುವುದಿಲ್ಲವಾದ್ದರಿಂದ ಜಾರಿರಲಿಲ್ಲ.

ಈಚಿನ ಚುನಾವಣೆಗೆ ಅವರು ನಿಲ್ಲಲಿಲ್ಲ. ಸಾಕು, ಇನ್ನು ಕೋರ್ಟಿಗೆ ಹೋಗುತ್ತೇನೆ ಎಂದರು. ಅರವತ್ತು ಮುಟ್ಟಿದ ಮನುಷ್ಯ. ಕಳೆದ ತಿಂಗಳು ಒಂದು ಬೆಳಿಗ್ಗೆ ನನ್ನ ಅಂಗಡಿಯ ಎದುರು ಆಟೋದಿಂದಿಳಿದರು. ಪ್ಯಾಂಟು, ಬಿಳಿ ಅಂಗಿ. ಹೆಗಲು ಖಾಲಿ. ಕೈಯಲ್ಲಿ ಆ ಗೌನು. ಬೊಂಬೆಗೆ "ಮೈ ಲಾರ್ಡ್" ಎಂದು ನಮಸ್ಕರಿಸಿ, ಸ್ಟೂಲಿನ ಮೇಲೆ ಕೂತರು.

"ಕತ್ತರಿಸು ಮಾರಾಯಾ. ನಾಲ್ಕು ಬೆರಳು."

ಮೂವತ್ತು ವರ್ಷ ನಾನು ಕೇಳಲು ಕಾದ ಮಾತು. ಗೌನನ್ನು ಹಾಸಿ, ಚಾಕಿನ ಗೆರೆ ಎಳೆದೆ.

"ಕತ್ತರಿಸಿದ್ರೆ ಇವರ ಕೈಗೆ ಎತ್ಲಿಕ್ಕೆ ಎಂತ ಉಂಟು?" ಎಂದಳು ಮೂಲೆಯಿಂದ ನನ್ನ ಹೆಂಡತಿ. "ಅಲ್ಲಿ ಶಾಲೂ ಇಲ್ಲ. ಜಡ್ಜಿನ ಎದುರು ಪ್ಯಾಂಟು ಎತ್ತುದಾ?"

ವಕೀಲರು ನನ್ನನ್ನು ನೋಡಿದರು. ನಾನು ಬೊಂಬೆಯನ್ನು ನೋಡಿದೆ.

"ಗುರುಗಳ ಗೌನು ಬೇರೆ" ಎಂದರು ವಕೀಲರು.

"ಹೌದು, ಆರಡಿಯವರು" ಎಂದೆ.

"ಸ್ವಲ್ಪ ನಿಲ್ಲು. ಯೋಚನೆ ಮಾಡಿ ಹೇಳ್ತೇನೆ." ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಆ ಶಾಲಿನ ವಿಷಯ ಇನ್ನು ಯಾರಿಗೆ ಬೇಕಾದ್ರೂ ಹೇಳು. ನನಗೆ ಎಂತ ತೊಂದರೆ ಇಲ್ಲ" ಎಂದರು. ಸಂಜೆಯೇ ನಾನು ಚಹಾದಂಗಡಿಗೆ ಹೋಗಿ ಮೂರು ಟೈಲರುಗಳನ್ನು ಕೂರಿಸಿ ಹೇಳಿದೆ. ಅವರು ನಂಬಲಿಲ್ಲ. ಆದ್ದರಿಂದಲೇ ಇದನ್ನು ಬರೆಯಲು ಕೂತದ್ದು.

ಗೌನಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಒಂದು ದಿನ ಫೋನ್ ಮಾಡಿ ಕತ್ತರಿಸು ಎನ್ನುತ್ತಾರೆ, ಮರುದಿನ ಬೇಡ ಎನ್ನುತ್ತಾರೆ. ಇಷ್ಟು ವರ್ಷ ರಾಜ್ಯದ ಫೈಲುಗಳಿಗೆ ಹೇಗೆ ಸಹಿ ಹಾಕಿದರೋ ದೇವರಿಗೇ ಗೊತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಗಡಿ ಒಂದು, ಸ್ವಂತದ್ದು. ಮೆಷಿನ್ ಮೂರು, ಅದರಲ್ಲಿ ಮಾವನ ಕಾಲದ ತುಳಿಯುವ ಮೆಷಿನ್ ಒಂದು. ಕತ್ತರಿ ಎರಡು, ಒಂದು ಹೆಂಡತಿಯದ್ದು. ಮಗಳು ಒಬ್ಬಳು, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ತಲೆಯಿಲ್ಲದ ಬೊಂಬೆ ಒಂದು. ಸರಿಯಾಗಿ ಕತ್ತರಿಸಿದ ಕಾರಣ ಕೆಲಸಕ್ಕೆ ಬಾರದ ಶಾಲು ಎರಡು. ಗೂಟದ ಮೇಲೆ, ಚಾಕಿನ ಗೆರೆ ಎಳೆದ ಗೌನು ಒಂದು.